ಏಳನೆಯ ಹಸಿರು ದೀಪ

ನಾನು ನಿಂತಿದ್ದದ್ದು ಕುರ್ಲಾದ ಒಂದು ಹಳೆಯ ಕಾರ್ಖಾನೆಯ ಶೆಡ್ಡಿನೊಳಗೆ, ರೈಲು ಹಳಿಯ ಕಡೆಯ ಗೋಡೆಯಿಂದ ಎಣಿಸಿದರೆ ಎರಡನೆಯ ಕಬ್ಬಿಣದ ಕಂಬದ ಎಡಕ್ಕೆ. ಮಧ್ಯಾಹ್ನದ ಊಟವಾಗಿ ಸ್ವಲ್ಪ ಹೊತ್ತಾಗಿತ್ತು. ಮಳೆ ಹಿಂದೆಗೆದು ಅಕ್ಟೋಬರಿನ ಸೆಕೆ ಹಿಡಿದಿದ್ದ ದಿನಗಳು. ನನ್ನ ಮುಂದೆ ಐದು ಜನ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ನನ್ನ ಹಿಂದೆ ಒಬ್ಬರು. ಏಳು ಜನರೂ ತಲೆಯಿಂದ ಕಾಲಿನವರೆಗೆ ಬೂದು ಬಣ್ಣದ ಕವಚ ತೊಟ್ಟಿದ್ದೆವು. ಮೊಣಕಾಲಿನವರೆಗೆ ಬಿಳಿಯ ಮಂಜು, ಮೇಲಿನಿಂದ ನೇರಳೆ ಬೆಳಕು. ಗೋಡೆಯಾಚೆ ಲೋಕಲ್ ರೈಲು ಹೋದಾಗ ಮಂಜಿನ ಮೇಲ್ಮೈ ನವಿರಾಗಿ ನಡುಗಿ ಮತ್ತೆ ನಿಲ್ಲುತ್ತಿತ್ತು. ಇದು ಕುರ್ಲಾ ಅಲ್ಲ, ಭೂಮಿಯೂ ಅಲ್ಲ, ಉಸಿರಾಡಲು ಗಾಳಿಯಿಲ್ಲದ ಒಂದು ಗ್ರಹ ಎಂದು ನಮಗೆ ಹೇಳಿದ್ದರು. ಆ ಹೊತ್ತಿಗೆ ನಾವು ಅದನ್ನು ಸುಮಾರಾಗಿ ನಂಬಿಯೂ ಇದ್ದೆವು.

ಅದೊಂದು ವೆಬ್ ಸರಣಿಯ ಚಿತ್ರೀಕರಣ. ನಾನು ಎರಡನೆಯ ಸಹಾಯಕ ನಿರ್ದೇಶಕ. ಗುಂಪಿನ ದೃಶ್ಯಗಳು ನನ್ನ ಪಾಲಿಗೆ ಬಂದಿದ್ದವು. ಕಥೆ ಮುಂದಿನ ಯಾವುದೋ ಕಾಲದ ಯುದ್ಧದ್ದಾದ್ದರಿಂದ ಗುಂಪು ಎಂದರೆ ಸೈನಿಕರು. ಆ ಸೇನೆಯ ಎಲ್ಲಕ್ಕಿಂತ ಚಿಕ್ಕ ತುಕಡಿ ಹೇಗಿರುತ್ತದೆ, ಅದರಲ್ಲಿ ಎಷ್ಟು ಜನ, ಯಾರ ಪಕ್ಕ ಯಾರು, ಯಾರು ಎತ್ತ ನೋಡುತ್ತಾರೆ ಎಂಬುದನ್ನು ಕೂತು ತೀರ್ಮಾನಿಸಿ, ಜನಕ್ಕೆ ಕಲಿಸಿ, ಕ್ಯಾಮೆರಾದ ಮುಂದೆ ನಡೆಸಬೇಕಾಗಿತ್ತು.

ನಿರ್ದೇಶಕಿ ಬೊರಿವಲಿಯಲ್ಲಿ ಬೆಳೆದವರು. ತಾಯಿ ಉಡುಪಿ ಕಡೆಯವರಾದ್ದರಿಂದ ಕನ್ನಡ ಅರ್ಥವಾಗುತ್ತಿತ್ತು, ಮಾತಾಡುವಾಗ ತಡವರಿಸುತ್ತಿದ್ದರು. ಮೊದಲ ದಿನವೇ ಅವರು ನನಗೆ ಹೇಳಿದ್ದರು: "ಹೀರೋ ಮೇಲೆ ಭರೋಸಾ ಹಾಗೇ ಬರ್ತದೆ. ಅವನ ಹಿಂದೆ ನಡೀತಾರಲ್ಲ, ಆ ಲೋಗ್, ಅವರ ಮೇಲೆ ಬರ್ಬೇಕು. ಅವರು ಸೈನಿಕರ ಹಾಗೆ ಕಾಣದಿದ್ರೆ ನನ್ನ ಪೂರಾ ಗ್ರಹ ಪ್ಲಾಸ್ಟಿಕ್."

ಸಲಹೆಗೆಂದು ಒಬ್ಬ ನಿವೃತ್ತ ಹವಾಲ್ದಾರರನ್ನು ಕರೆಸಿದ್ದರು. ಗೋಕಾಕ ಕಡೆಯವರು, ಕಾಲಾಳು ಪಡೆಯಲ್ಲಿದ್ದು ಬಂದು ಬೊರಿವಲಿಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಸೆಕ್ಯುರಿಟಿ ನೋಡಿಕೊಳ್ಳುತ್ತಿದ್ದರು. ಅವರು ಬಂದ ದಿನ ಶೆಡ್ಡಿನ ಹೊರಗೆ ಹಲಗೆಯ ಮೇಲೆ ಚಹಾದ ಖಾಲಿ ಗ್ಲಾಸುಗಳನ್ನು ಇಟ್ಟುಕೊಂಡು ನಾವು ಆ ಸೇನೆಯನ್ನು ಕಟ್ಟಲು ಶುರುಮಾಡಿದೆವು.

"ಹತ್ತ ಮಂದಿರೀ," ಎಂದರು ಹವಾಲ್ದಾರರು. "ನಮ್ಮಲ್ಲಿ ಸೆಕ್ಷನ್ ಅಂದ್ರ ಹತ್ತ ಮಂದಿ. ಯಾಕ ಹತ್ತ? ಕಮಾಂಡರ್ ಒದರಿದ್ರ ಎಲ್ಲಾರಿಗೂ ಕೇಳಬೇಕು. ಗುಂಡಿನ ಸಪ್ಪಳದಾಗ ಒಬ್ಬಾಂವನ ದನಿ ಎಷ್ಟ ದೂರ ಹೋಗ್ತತಿ, ಅಷ್ಟ ದೂರ ನಿಮ್ಮ ಸೆಕ್ಷನ್."

"ಇವರ ಹೆಲ್ಮೆಟ್ಟಿನಲ್ಲಿ ರೇಡಿಯೊ ಇದೆ ಹವಾಲ್ದಾರರೇ. ಗ್ರಹದ ಆಚೆ ತುದಿಯಲ್ಲಿದ್ದರೂ ಕೇಳುತ್ತದೆ," ಎಂದೆ.

ಅವರು ಕೆಲವು ಗ್ಲಾಸುಗಳನ್ನು ಬದಿಗೆ ಸರಿಸಿದರು. "ಹಂಗಾದ್ರ ದನಿ ಲೆಕ್ಕ ಬಿಡ್ರಿ. ಒಬ್ಬಾಂವ ಒಂದ ಹೊತ್ತಿನ್ಯಾಗ ಎಷ್ಟ ಮಂದಿ ಕಾಳಜಿ ಮಾಡಬಲ್ಲ, ಅದನ್ನ ಲೆಕ್ಕಾ ಹಿಡೀರಿ."

ಆಗ ಪಕ್ಕದಲ್ಲಿ ಕೂತಿದ್ದ ಒಬ್ಬರು ಬಾಯಿ ಹಾಕಿದರು. "ನಮ್ಮಲ್ಲಿ ಆರು ಟೇಬಲ್. ಏಳನೇ ಟೇಬಲ್ ಕೊಟ್ರೆ ನೀರು ಇಡ್ಲಿಕ್ಕೇ ಮರ್ತು ಹೋಗ್ತದೆ ಮಾರಾಯ್ರೆ."

ಅವರು ಘಾಟ್ಕೋಪರಿನ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿದ್ದವರು. ಅಂದರೆ ಗಿರಾಕಿಗಳ ಆರ್ಡರು ತೆಗೆದುಕೊಂಡು ಸಪ್ಲಯರುಗಳನ್ನು ನಡೆಸುವ ಕೆಲಸ. ಬಿಲ್ಡಿಂಗ್ ಕೆಡವಿ ಕಟ್ಟುವುದಕ್ಕೆಂದು ಹೋಟೆಲು ಮುಚ್ಚಿತ್ತು. ಕೆಲಸವಿಲ್ಲದ ಅಷ್ಟು ತಿಂಗಳು ಅಲ್ಲಿನ ನಾಲ್ಕೈದು ಮಂದಿ ನಮ್ಮಲ್ಲಿ ಸೈನಿಕರಾಗಲು ಬಂದಿದ್ದರು. ಉಳಿದವರು ಕಟ್ಟಡದ ಕೆಲಸದ ವಿಜಯಪುರ, ಕಲಬುರಗಿ ಕಡೆಯವರು. ಅವರನ್ನೆಲ್ಲ ನಾನೇ ಆರಿಸಿದ್ದು, ಕನ್ನಡದಲ್ಲಿ ಹೇಳಿಕೊಟ್ಟರೆ ಬೇಗ ಕಲಿಯುತ್ತಾರೆಂದು.

ಹಾಗೆ ಆರು ಎಂದಾಯಿತು. ಮೂರು ಜೋಡಿ. ಮೊದಲ ಜೋಡಿ ದಾರಿ ನೋಡುವವರು. ನಡುವಿನ ಜೋಡಿಯಲ್ಲಿ ಮುಂದಾಳು. ಮುಂದಾಳು ಎಲ್ಲರಿಗಿಂತ ಮುಂದೆ ನಡೆಯಬಾರದು, ಮೊದಲ ಗುಂಡು ಅವನಿಗೆ ಬಿದ್ದರೆ ತುಕಡಿ ಕುರುಡಾಗುತ್ತದೆ ಎಂದು ಹವಾಲ್ದಾರರು ಹೇಳಿದರು. ಮೂರನೆಯ ಜೋಡಿಯ ಬಳಿ ಭಾರದ ಆಯುಧ. ಜೋಡಿಯಲ್ಲಿ ಒಬ್ಬ ನಡೆಯುವಾಗ ಇನ್ನೊಬ್ಬ ನಿಂತು ಕಾಯುತ್ತಾನೆ. ಕವಚ ತೊಡಿಸುವುದು, ಬಿಚ್ಚುವುದು, ಗಾಯ ನೋಡುವುದು, ಎಲ್ಲ ಜೋಡಿಯೊಳಗೇ. ನಮ್ಮ ಹೆಲ್ಮೆಟ್ಟುಗಳ ಕೊಂಡಿ ಕೂಡ ಕತ್ತಿನ ಹಿಂಭಾಗದಲ್ಲಿತ್ತು. ತೊಟ್ಟವನ ಕೈ ಅಲ್ಲಿಗೆ ಎಟುಕುತ್ತಿರಲಿಲ್ಲ. ಒಬ್ಬರದನ್ನು ಇನ್ನೊಬ್ಬರು ತೆಗೆಯಬೇಕು. ಕವಚ ಮಾಡಿದವರು ಮುಂದಿನ ಭಾಗ ಚೆಂದ ಕಾಣಲೆಂದು ಹಾಗೆ ಮಾಡಿದ್ದರು. ಹವಾಲ್ದಾರರಿಗೆ ಮಾತ್ರ ಅದು ಹಿಡಿಸಿತು. "ಹಿಂಗ ಇದ್ರ ಯಾರೂ ಒಬ್ಬೊಬ್ಬರ ಹೋಗಂಗಿಲ್ಲ," ಎಂದರು.

ಏಳನೆಯವನು ಬಂದದ್ದು ಚಿತ್ರಕಥೆಯಿಂದ. ಬರೆಯುವವರು ಆ ಸೇನೆಗೆ ಒಂದು ಯಂತ್ರ ಕೊಟ್ಟಿದ್ದರು. ನಾಲ್ಕು ಕಾಲಿನ, ಹೇಸರಗತ್ತೆಯಷ್ಟು ದೊಡ್ಡ, ಸಾಮಾನು ಹೊರುವ ಯಂತ್ರ. ತುಕಡಿಯ ಕೊನೆಯಲ್ಲಿ ಜೋಡಿಯಿಲ್ಲದ ಒಬ್ಬ ಸೈನಿಕ. ಅವನ ಜೋಡಿ ಆ ಯಂತ್ರವೇ. ಅವನು ಹಿಂದಕ್ಕೆ ಮುಖಮಾಡಿ ನಡೆಯುತ್ತಾನೆ. ಮುಂದಿನ ಆರು ಜನ ಯಾವ ಕಾರಣಕ್ಕೂ ತಿರುಗಿ ನೋಡುವುದಿಲ್ಲ. ಹಿಂದಿನದೆಲ್ಲ ಅವನ ಜವಾಬ್ದಾರಿ. ಯಾರಾದರೂ ಬಿದ್ದರೆ ಯಂತ್ರ ಎತ್ತಿಕೊಳ್ಳುತ್ತದೆ, ನಡೆಯುವವರು ನಡೆಯುತ್ತಲೇ ಇರುತ್ತಾರೆ. ಆ ನಿಯಮದ ನಿಷ್ಕರುಣೆಯೇ ನಿರ್ದೇಶಕಿಗೆ ಇಷ್ಟವಾಗಿದ್ದು. ಏಳನೆಯವನನ್ನು ಎಲ್ಲರೂ 'ಬಾಲ' ಎಂದು ಕರೆಯತೊಡಗಿದರು.

"ಬಾಲ ಬಿದ್ರ?" ಎಂದು ಕೇಳಿದರು ಹವಾಲ್ದಾರರು.

"ಯಂತ್ರ ಇರ್ತದಲ್ಲ," ಎಂದರು ನಿರ್ದೇಶಕಿ.

"ಎಲ್ಲೈತ್ರಿ ಅದು?"

"ಈಗ ಇಲ್ಲ. ಬಾದ್‌ಮೇ ಕಂಪ್ಯೂಟರಲ್ಲಿ ಹಾಕ್ತಾರೆ."

ಹವಾಲ್ದಾರರು ನಕ್ಕುಬಿಟ್ಟರು. ನಿರ್ದೇಶಕಿಯೂ ನಕ್ಕರು. ಬಾಲದ ಕೆಲಸಕ್ಕೆ ಕ್ಯಾಪ್ಟನ್ ತಾವಾಗಿಯೇ ಮುಂದೆ ಬಂದರು. ಹೋಟೆಲಿನ ಒಳದಾರಿಯಲ್ಲಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಹಿಮ್ಮುಖವಾಗಿ ಬಾಗಿಲು ನೂಕಿ ಬರುವುದು ಅವರಿಗೆ ಅಭ್ಯಾಸ. ಹಿಂದಕ್ಕೆ ನಡೆಯುವಾಗ ಅವರ ಪಾದ ತಡವರಿಸುತ್ತಿರಲಿಲ್ಲ.

"ನಮ್ಮ ಪಲ್ಟನ್‌ನ್ಯಾಗ ಕ್ಯಾಪ್ಟನ್ ಬಾಲ ಹಿಡದ ನಿಂತಿದ್ದ ನಾ ನೋಡಿಲ್ಲ," ಎಂದು ಹವಾಲ್ದಾರರು ಕೆಣಕಿದರು.

"ನಮ್ಮಲ್ಲಿ ಕ್ಯಾಪ್ಟನ್ ಹಿಂದೆಯೇ ನಿಲ್ಲೂದು ಸ್ವಾಮಿ. ಮುಂದೆ ನಿಂತ್ರೆ ಗಿರಾಕಿ ಬೈತಾನೆ."

ತಾಲೀಮು ಹಲವು ದಿನ ನಡೆಯಿತು. ಹೇಳಿಕೊಡಲೆಂದು ನಾನೂ ಆಗಾಗ ಆರನೆಯವನ ಕವಚ ತೊಟ್ಟು ನಡೆಯುತ್ತಿದ್ದೆ. ಕವಚದೊಳಗೆ ನನ್ನ ಉಸಿರಾಟ ನನಗೆ ಯಾರೋ ಪಕ್ಕದಲ್ಲಿ ಮಲಗಿದ್ದಾರೆ ಅನ್ನಿಸುವಷ್ಟು ಜೋರಾಗಿ ಕೇಳುತ್ತಿತ್ತು. ಕತ್ತಿನ ಹಿಂದೆ ಒಂದು ಚಿಕ್ಕ ಫ್ಯಾನು ಹೊರಗಿನ ಗಾಳಿಯನ್ನು ಒಳಗೆಳೆಯುತ್ತಿತ್ತು. ಹೊರಗೆ ಮೈಕಿನಲ್ಲಿ ಹೇಳಿದ್ದು ನೀರಿನೊಳಗಿಂದ ಬಂದ ಹಾಗೆ ಬರುತ್ತಿತ್ತು. ರೇಡಿಯೊ ಎಂಬುದು ಕಥೆಯಲ್ಲಿ ಮಾತ್ರ. ನಿಜಕ್ಕೆ ಮುಂದಾಳು ಒಬ್ಬನ ಕಿವಿಯಲ್ಲಿ ಒಂದು ಇಯರ್‌ಫೋನ್, ಅಷ್ಟೆ. ಉಳಿದ ಆರು ಜನರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ.

ಮುಖದ ಗಾಜಿನ ಒಳ ಅಂಚಿನಲ್ಲಿ, ಗಲ್ಲದ ಹತ್ತಿರ, ಸಾಸಿವೆಯಷ್ಟು ದೊಡ್ಡ ಏಳು ಹಸಿರು ದೀಪಗಳಿದ್ದವು. ಕಥೆಯ ಪ್ರಕಾರ ಒಂದೊಂದು ದೀಪವೂ ತುಕಡಿಯ ಒಬ್ಬೊಬ್ಬನ ಜೀವ. ಬದುಕಿದ್ದರೆ ಹಸಿರು, ಸತ್ತರೆ ಕೆಂಪು. ನಿಜದಲ್ಲಿ ಅವು ಯಾವುದಕ್ಕೂ ಸೇರಿರಲಿಲ್ಲ. ಮುಖದ ಮೇಲೆ ಬೆಳಕು ಬೀಳಲೆಂದು ಒಂದು ಬ್ಯಾಟರಿಗೆ ತಗಲಿಸಿದ್ದ ದೀಪಗಳು. ಸ್ವಿಚ್ ಹಾಕಿದರೆ ಏಳೂ ಉರಿಯುತ್ತಿದ್ದವು, ತೆಗೆದರೆ ಏಳೂ ಆರುತ್ತಿದ್ದವು. ಇದು ನಮಗೆಲ್ಲ ಗೊತ್ತಿತ್ತು.

ಆದರೂ ಒಂದು ದಿನ ಎರಡನೆಯ ಜಾಗದವನು ನಡೆಯದೆ ನಿಂತುಬಿಟ್ಟ. ಹೆಲ್ಮೆಟ್ ತೆಗೆಸಿ ಕೇಳಿದರೆ, "ನಾಲ್ಕನೇದವನು ಇಲ್ಲ, ದೀಪ ಆರಿದೆ," ಎಂದ. ಅವನ ಒಂದು ದೀಪದ ತಂತಿ ಕಿತ್ತಿತ್ತು. ನಾಲ್ಕನೆಯವನು ಅಲ್ಲೇ, ಅವನ ಬೆನ್ನ ಹಿಂದೆಯೇ, ಬೀಡಿ ಹಚ್ಚಲು ಜಾಗ ಹುಡುಕುತ್ತಿದ್ದ. ಎಲ್ಲರೂ ನಕ್ಕರು. ಮರುದಿನ ನಾನೂ ನಡೆಯುವ ಮುಂಚೆ ದೀಪಗಳನ್ನು ಒಂದು ಸಲ ನೋಡಿಕೊಂಡೆ. ನೇರಳೆ ಬೆಳಕಿನಲ್ಲಿ, ತಮ್ಮ ಉಸಿರಿನ ಸದ್ದಿನೊಳಗೆ, ಯಾರ ಮುಖವೂ ಕಾಣದೆ ನಡೆಯುವವರಿಗೆ ಆ ದೀಪಗಳು ಹೇಗೋ ಜೊತೆಯಾಗಿಬಿಟ್ಟಿದ್ದವು.

ಕ್ಯಾಪ್ಟನ್ನರದು ಬೇರೆ ಪದ್ಧತಿ. ಹೋಟೆಲಿನಲ್ಲಿ ಕೈ ತುಂಬಿದ್ದಾಗ ಪಕ್ಕದವನಿಗೆ 'ನಾನಿಲ್ಲಿದ್ದೇನೆ' ಎಂದು ತಿಳಿಸಲು ಮೊಣಕೈಯಿಂದ ಬೆನ್ನು ತಟ್ಟುತ್ತಾರಂತೆ. ಬಿಸಿ ಸಾಂಬಾರು ಚೆಲ್ಲಬಾರದೆಂದು. ಇಲ್ಲಿಯೂ ಹಿಂದಕ್ಕೆ ನಡೆಯುತ್ತ ಅವರು ಮೊಣಕೈಯಿಂದ ಆರನೆಯವನ ಕವಚದ ಬೆನ್ನಿಗಿದ್ದ ಪೆಟ್ಟಿಗೆಯನ್ನು ತಟ್ಟುತ್ತಿದ್ದರು. ಅದರಿಂದಲೇ ಅವರಿಗೆ ದಾರಿ ಸಿಗುತ್ತಿತ್ತು. ನೆಲದ ಮೇಲೆ ಟೇಪು ಅಂಟಿಸಿದ್ದೆವು, ಆದರೆ ಮಂಜು ಬಿಟ್ಟ ಮೇಲೆ ಟೇಪು ಕಾಣುವುದಿಲ್ಲ.

ನಿರ್ದೇಶಕಿ ಮಾನಿಟರಿನಲ್ಲಿ ಅದನ್ನು ಕಂಡರು. "ಬಾಲ ಯಾರನ್ನೂ ಟಚ್ ಮಾಡ್ಬಾರ್ದು. ಅವನು ಅಕೇಲಾ. ಅದೇ ಅವನ ಬ್ಯೂಟಿ."

"ಅಕೇಲಾ ಆದವನಿಗೆ ದಾರಿ ಹೇಗೆ ಗೊತ್ತಾಗೂದು ಮೇಡಂ? ನನ್ನ ಹಿಂದೆ ಕಣ್ಣು ಉಂಟಾ?"

ಅವರು ಯೋಚಿಸಿದರು. "ಒಂದು ಖಂಬಾಕ್ಕೆ ಒಂದು ಸಲ. ಕ್ಯಾಮೆರಾಗೆ ಕಾಣ್ಬಾರ್ದು."

ಹಾಗೆಂದು ಒಪ್ಪಂದವಾಯಿತು. ಪ್ರತಿ ಕಂಬದ ಬಳಿ, ಕ್ಯಾಮೆರಾದ ಕಡೆಗಿಲ್ಲದ ಮೊಣಕೈಯಿಂದ, ಒಂದೇ ಒಂದು ತಟ್ಟು.

ಮೊದಲಿಗೆ ಹೇಳಿದ ಆ ದಿನ ಆರನೆಯವನಿಗೆ ಜ್ವರ ಬಂದಿತ್ತು. ಅವನ ಕವಚ ನನ್ನ ಮೈಗೆ ಆಗುತ್ತಿದ್ದುದರಿಂದ ನಾನೇ ತೊಟ್ಟೆ. ದೃಶ್ಯ ದೊಡ್ಡದಾಗಿತ್ತು. ತುಕಡಿ ಶೆಡ್ಡಿನ ಉದ್ದಕ್ಕೂ ನಡೆಯಬೇಕು, ನಾವು ಕೊನೆ ಮುಟ್ಟುವ ಹೊತ್ತಿಗೆ ಎದುರಿನ ಗೋಡೆ ಕುಸಿಯಬೇಕು. ಆ ಗೋಡೆಯನ್ನು ವಾರಗಟ್ಟಲೆ ಕೂತು ಕಟ್ಟಿದ್ದರು. ಒಂದೇ ಸಲ ಕೆಡವಬಹುದು. ಎರಡನೆಯ ಟೇಕ್ ಇರಲಿಲ್ಲ. ನಿರ್ದೇಶಕಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಮೂರನೆಯ ಕಂಬ ದಾಟಿದ ಮೇಲೆ ದಾರಿಯ ಎಡಕ್ಕೆ ಒಂದು ಗುಂಡಿಯಿತ್ತು. ಹಿಂದೆ ದೊಡ್ಡ ಯಂತ್ರ ಕೂರಿಸಿದ್ದ ಜಾಗ, ಎದೆಮಟ್ಟ ಆಳ. ತಾಲೀಮಿನ ದಿನಗಳಲ್ಲಿ ಅದರ ಮೇಲೆ ಹಲಗೆ ಹಾಸಿರುತ್ತಿತ್ತು. ಆ ದಿನ ಹಲಗೆ ತೆಗೆದಿದ್ದರು, ಯಾಕೆಂದರೆ ಮಂಜು ಅಂಚಿನಿಂದ ಗುಂಡಿಯೊಳಕ್ಕೆ ನಿಧಾನವಾಗಿ ಇಳಿಯುವುದು ನಿದ್ದೆಯಲ್ಲಿ ಕಂಡ ಜಲಪಾತದ ಹಾಗೆ ಬಹಳ ಚೆಂದವಾಗಿತ್ತು. ನನಗೂ ಚೆಂದ ಕಂಡಿತ್ತು. ಗುಂಡಿ ಎಲ್ಲಿದೆಯೆಂದು ಏಳು ಜನರಿಗೂ ತೋರಿಸಿ, ಬಲಕ್ಕೆ ಸರಿದು ನಡೆಯಲು ಹೇಳಿದ್ದೆವು.

ಆ ಮಂಜು ಹೊಗೆಯಲ್ಲ. ಡ್ರೈ ಐಸ್ ಎಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್. ಅದನ್ನು ಡ್ರಮ್ಮಿನ ಬಿಸಿನೀರಿಗೆ ಹಾಕಿದರೆ ಮಂಜೇಳುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಹರಿದು, ತಗ್ಗು ಸಿಕ್ಕಲ್ಲಿ ತುಂಬಿಕೊಳ್ಳುತ್ತದೆ. ನಿಂತವನಿಗೆ ಅದು ಏನೂ ಮಾಡುವುದಿಲ್ಲ. ತುಂಬಿದ ತಗ್ಗಿನೊಳಗೆ ಇಳಿದವನಿಗೆ ಅಲ್ಲಿ ಉಸಿರಾಡಲು ಗಾಳಿಯೇ ಇರುವುದಿಲ್ಲ. ಮಂಜಿನ ಕೆಲಸದವನು ಕುರ್ಲಾದವನೇ. ಡ್ರಮ್ಮುಗಳ ಬಳಿ ನಿಂತು ಮಂಜು ಬಿಡುವುದು, ಕೊನೆಗೆ ದೊಡ್ಡ ಫ್ಯಾನು ಹಚ್ಚಿ ಹೊರಹಾಕುವುದು ಅವನ ಕೆಲಸ. ಬೆಳಿಗ್ಗೆ ಅವನು ಗುಂಡಿಯ ಅಂಚಿನಲ್ಲಿ ಕೂತು ಬೆಂಕಿಕಡ್ಡಿ ಗೀರಿ ಕೆಳಗೆ ಹಿಡಿದು, ಅದು ಆರುವುದನ್ನು ನಮಗೆ ತೋರಿಸಿ, "ದೇಖೋ," ಎಂದಿದ್ದ. ನಾವು ನೋಡಿದ್ದೆವು.

ಮೈಕಿನಲ್ಲಿ ನಿರ್ದೇಶಕಿಯ ದನಿ ಎಲ್ಲೋ ಆಳದಲ್ಲಿ ಕೇಳಿತು. ಮುಂದಿನವರು ನಡೆದರು. ನಾನೂ ನಡೆದೆ. ಎರಡನೆಯ ಕಂಬದ ಬಳಿ ಬೆನ್ನಿಗೆ ತಟ್ಟು ಬಂತು. ಮೂರನೆಯದರ ಬಳಿಯೂ ಬಂತು. ಸ್ವಲ್ಪ ಎಡಕ್ಕೆ, ಪೆಟ್ಟಿಗೆಯ ಅಂಚಿಗೆ ಬಿದ್ದಿತ್ತು ಎಂದು ಈಗ ನೆನಪಾಗುತ್ತದೆ. ನನ್ನ ಗಾಜು ಉಸಿರಿಗೆ ಮಸುಕಾಗಿತ್ತು. ಮುಂದಿನ ಬೆನ್ನುಗಳು ಬೂದು ಮೋಡಗಳ ಹಾಗೆ ಒಂದೇ ಲಯದಲ್ಲಿ ಏರಿ ಇಳಿಯುತ್ತಿದ್ದವು. ಕಾಲು ನೆಲದ ಮೇಲೆ ಬೀಳುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬಹಳ ಸುಖವಾಗಿತ್ತು ಎಂದೇ ಹೇಳಬೇಕು.

ನಾಲ್ಕನೆಯ ಕಂಬ ಬಂತು. ತಟ್ಟು ಬರಲಿಲ್ಲ.

ನಾನು ಕಣ್ಣು ಕೆಳಗೆ ಮಾಡಿ ದೀಪಗಳನ್ನು ನೋಡಿದೆ. ಏಳೂ ಹಸಿರು. ಏಳನೆಯದೂ ಹಸಿರು. ಇದನ್ನು ಇದ್ದ ಹಾಗೇ ಹೇಳಬೇಕು: ಅದನ್ನು ನೋಡಿ ನನ್ನ ಮನಸ್ಸು ಸಮಾಧಾನವಾಯಿತು. ಕ್ಯಾಪ್ಟನ್ ಇದ್ದಾರೆ ಎಂದುಕೊಂಡು ಮುಂದಿನ ಕಂಬದವರೆಗೂ ನಡೆದೆ.

ಐದನೆಯ ಕಂಬದ ಬಳಿಯೂ ತಟ್ಟು ಬರಲಿಲ್ಲ. ದೀಪ ಹಸಿರಾಗಿಯೇ ಇತ್ತು. ಆಗ ಆ ದೀಪಕ್ಕೆ ಯಾವ ತಂತಿಯೂ ಎಲ್ಲಿಗೂ ಹೋಗುವುದಿಲ್ಲ ಎಂಬುದು, ಗೊತ್ತಿದ್ದ ವಿಷಯವೇ, ಹೊಸದಾಗಿ ತಿಳಿಯಿತು. ಎದುರಿಗೆ ಗೋಡೆ ಹತ್ತಿರ ಬರುತ್ತಿತ್ತು. ತಿರುಗಿದರೆ ದೃಶ್ಯ ಹೋಗುತ್ತದೆ, ಆ ಗೋಡೆ ಹೋಗುತ್ತದೆ, ಅದರ ಜೊತೆ ಎಲ್ಲರ ವಾರಗಳ ಕೆಲಸ ಹೋಗುತ್ತದೆ. ಕ್ಯಾಪ್ಟನ್ ಸುಮ್ಮನೆ ತಟ್ಟುವುದನ್ನು ಮರೆತಿದ್ದರೆ?

ನಾನು ತಿರುಗಿದೆ.

ಹಿಂದೆ ಯಾರೂ ಇರಲಿಲ್ಲ. ಮಂಜು ಕೆನೆಗಟ್ಟಿದ ಹಾಲಿನ ಹಾಗೆ ಸಮನಾಗಿ, ಅಲುಗದೆ ಹಬ್ಬಿತ್ತು. ಒಬ್ಬ ಮನುಷ್ಯ ಅಲ್ಲಿ ನಡೆದಿದ್ದ ಗುರುತೂ ಇರಲಿಲ್ಲ. ಮೂರನೆಯ ಕಂಬದಾಚೆ ಒಂದೇ ಒಂದು ಕಡೆ ಅದು ನಿಧಾನವಾಗಿ ಸುತ್ತುತ್ತಿತ್ತು.

ನಾನು ಕೂಗಿದೆ. ಕೂಗು ಗಾಜಿಗೆ ಬಡಿದು ನನ್ನ ಕಿವಿಗೇ ಬಂತು. ಹೆಲ್ಮೆಟ್ ತೆಗೆಯಲು ಕೈ ಹಿಂದೆ ಹಾಕಿದೆ, ಕೊಂಡಿ ಎಟುಕಲಿಲ್ಲ. ಮುಂದೆ ನಡೆಯುತ್ತಿದ್ದ ಐದನೆಯವನ ಬೆನ್ನಿಗೆ ಬಡಿದೆ. ಅವನು ತಿರುಗಲಿಲ್ಲ. ತಿರುಗಬಾರದೆಂದು ಅಷ್ಟು ದಿನ ನಾನೇ ಅವನಿಗೆ ಕಲಿಸಿದ್ದೆ. ಮತ್ತೆ ಬಡಿದೆ. ಅವನು ಇನ್ನೂ ನೆಟ್ಟಗಾಗಿ ನಡೆದ. ಕೊನೆಗೆ ಅವನ ಪೆಟ್ಟಿಗೆಯ ಪಟ್ಟಿ ಹಿಡಿದು ಎಳೆದೆ. ಅವನು ತಿರುಗಿ ನನ್ನ ಮುಖ ನೋಡಿದ. ನನ್ನ ಕೈ ಕತ್ತಿನ ಹಿಂದೆ ಹೋಗಿದ್ದುದನ್ನು ಕಂಡು ಕೊಂಡಿ ಬಿಚ್ಚಿದ. ವಿಜಯಪುರ ಕಡೆಯ, ಸ್ಲ್ಯಾಬ್ ಹಾಕುವ ಕೆಲಸದವನು. ಅವನ ಬೆರಳುಗಳು ಬೇಗ ಓಡುತ್ತಿದ್ದವು.

ಹೆಲ್ಮೆಟ್ ಹೋದೊಡನೆ ಎಲ್ಲ ಸದ್ದೂ ಒಮ್ಮೆಲೇ ಬಂತು. ನಿರ್ದೇಶಕಿ ಮೈಕಿನಲ್ಲಿ "ಹೆಲ್ಮೆಟ್! ಹೆಲ್ಮೆಟ್!" ಎಂದು ಕಿರುಚುತ್ತಿದ್ದರು. ಲೋಕಲ್ ಹೋಗುತ್ತಿತ್ತು. ನಾನು "ಕ್ಯಾಪ್ಟನ್ ಗುಂಡಿಯಲ್ಲಿದ್ದಾರೆ!" ಎಂದು ಕೂಗಿದೆ. ಕನ್ನಡದಲ್ಲಿ ಕೂಗಿದ್ದೆ, ಆದರೂ ಮೊದಲು ಓಡಿದವನು ಕನ್ನಡ ಬಾರದ ಮಂಜಿನವನು. ಅವನು ಡ್ರಮ್ಮುಗಳ ಮುಚ್ಚಳ ಹಾಕಿ ದೊಡ್ಡ ಫ್ಯಾನನ್ನು ಗುಂಡಿಯ ಕಡೆಗೆ ತಿರುಗಿಸಿದ. ಅದೇ ಹೊತ್ತಿಗೆ ನಮ್ಮ ಹಿಂದೆ ಗೋಡೆ ಕುಸಿಯಿತು. ಯಾರೂ ಆ ಕಡೆ ನೋಡಲಿಲ್ಲ.

ಅಂಚಿನಲ್ಲಿ ಮೊಣಕಾಲೂರಿ ಬಗ್ಗಿದೆ. ಸೋಡಾ ಬಾಟಲಿಯ ಬಾಯಿಗೆ ಮೂಗು ಹಿಡಿದ ಹಾಗೆ ಚುರ್ರೆಂದಿತು. ಏನೂ ಕಾಣಲಿಲ್ಲ. ಐದನೆಯವನು ಅಷ್ಟರಲ್ಲಿ ತನ್ನ ಹೆಲ್ಮೆಟ್ಟನ್ನೂ ಬಿಚ್ಚಿಸಿಕೊಂಡು ಬಂದು ಒಂದು ಕಾಲು ಒಳಗೆ ಇಳಿಬಿಟ್ಟಿದ್ದ.

"ನೀಚೆ ಮತ್ ಉತರ್! ಮರ್ ಜಾಯೇಗಾ!" ಎಂದು ಮಂಜಿನವನು ಕೂಗಿದ.

ಮಾನಿಟರಿನ ಕಡೆಯಿಂದ ಓಡಿಬಂದ ಹವಾಲ್ದಾರರು ಐದನೆಯವನ ಬೆನ್ನಿನ ಪಟ್ಟಿ ಹಿಡಿದು ಹಿಂದಕ್ಕೆಳೆದರು. "ಇಳೀಬ್ಯಾಡ! ಮಕಾಡೆ ಬೀಳು. ಉಸರ ಹಿಡಿ. ನಾವ್ ನಿನ್ನ ಕಾಲ ಹಿಡೀತೀವಿ."

ಅವನು ಅಂಚಿನಲ್ಲಿ ಮಕಾಡೆ ಮಲಗಿದ. ನಾನು ಅವನ ಒಂದು ಕಾಲು ಹಿಡಿದೆ, ಹವಾಲ್ದಾರರು ಇನ್ನೊಂದು. ಸೊಂಟದವರೆಗೆ ಮಂಜಿನೊಳಗೆ ಇಳಿದ. ಮೇಲೆ ಬಂದು ಉಸಿರೆಳೆದು, "ಸಿಗವಲ್ಲದ್ರೀ," ಎಂದ. ಮತ್ತೆ ಇಳಿದ. ಈ ಸಲ ಮೇಲೆ ಬಂದಾಗ ಮಾತಾಡಲಿಲ್ಲ. ಅವನ ಕೈ ಕೆಳಗೇ ಇತ್ತು, ಏನನ್ನೋ ಹಿಡಿದಿತ್ತು. ಮಂಜಿನವನೂ ಬಂದು ಸೇರಿದ. ನಾಲ್ಕು ಜನ ಎಳೆದೆವು. ಕವಚ ಭಾರ, ಅದರೊಳಗಿನವರು ಇನ್ನೂ ಭಾರ. ಮೊದಲು ಬೆನ್ನಿನ ಪೆಟ್ಟಿಗೆ ಬಂತು, ಆಮೇಲೆ ಹೆಲ್ಮೆಟ್ಟು. ಗಾಜಿನ ಹಿಂದೆ ಅವರ ಮುಖವಿತ್ತು. ತುಟಿ ನೀಲಿ, ಕಣ್ಣು ಅರ್ಧ ತೆರೆದಿತ್ತು. ಗಲ್ಲದ ಬಳಿ ಏಳು ದೀಪಗಳು ಹಸಿರಾಗಿ ಉರಿಯುತ್ತಿದ್ದವು.

ಕೊಂಡಿ ಬಿಚ್ಚಿದ್ದು ನಾನು. ಎದೆ ಒತ್ತಿದ್ದು ಹವಾಲ್ದಾರರು. ಒತ್ತುತ್ತ ಒತ್ತುತ್ತ ಅವರು ಬೈಯುತ್ತಿದ್ದರು: "ಏಳೋ ಕ್ಯಾಪ್ಟನ್ನ, ಗಿರಾಕಿ ಬಂದ ಕುಂತಾರ, ಏಳೋ." ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ಆಮೇಲೆ ಒಳಗೆಲ್ಲೋ ಬಾಗಿಲು ಕಿತ್ತ ಹಾಗೆ ಒಂದು ಉಸಿರು ಬಂತು. ಇನ್ನೊಂದು ಬಂತು. ನಿರ್ದೇಶಕಿ ಕುಸಿದ ಗೋಡೆಯ ಧೂಳಿನಲ್ಲಿ ನಿಂತು ಎರಡೂ ಕೈ ಬಾಯಿಗೆ ಒತ್ತಿಕೊಂಡಿದ್ದರು. ಆಸ್ಪತ್ರೆಗೆ ಒಯ್ಯುವ ಗಾಡಿ ಸ್ಟೇಷನ್ನಿನ ರಸ್ತೆಯ ಜನದಲ್ಲಿ ಸಿಕ್ಕಿಕೊಂಡಾಗ ಅವರೇ ಇಳಿದು, ಮುಂದೆ ನಡೆದು, ಕೈಮುಗಿದು ದಾರಿ ಬಿಡಿಸಿದರು.

ಐದನೆಯವನು ಆ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಹೇಳಿದ: "ನೀವ್ ಮೊದಲ್ನೇ ಸಲ ಬಡದದ್ದ ನಂಗ ಗೊತ್ತಾಗಿತ್ರಿ. ಹೊಳ್ಳಿ ನೋಡಬಾರ್ದಂತ ಹೇಳಿದ್ರಲ್ರಿ. ಅದಕ್ಕ ನಡದೆ."

ಅವನು ಚೆನ್ನಾಗಿ ಕಲಿತಿದ್ದ.

ಕ್ಯಾಪ್ಟನ್ನರಿಗೆ ಪ್ರಜ್ಞೆ ಬಂದದ್ದು ಮರುದಿನ. ಕೆಲವು ದಿನ ಮಾತು ತೊದಲುತ್ತಿತ್ತು, ಆಮೇಲೆ ಸರಿಯಾಯಿತು. ಚಿತ್ರೀಕರಣ ನಿಂತಿತು. ಮತ್ತೆ ಶುರುವಾಗುವ ಮುಂಚೆ ಎಲ್ಲರೂ ಶೆಡ್ಡಿನ ಹೊರಗೆ ಸೇರಿದೆವು. ನಾನು ಒಂದೇ ಮಾತು ಹೇಳುವುದೆಂದು ಬಂದಿದ್ದೆ: ಬಾಲ ಇರುವ ತುಕಡಿಯನ್ನು ನಾನು ನಡೆಸುವುದಿಲ್ಲ. ಹೇಳಬೇಕಾಗಲಿಲ್ಲ. ನಿರ್ದೇಶಕಿ ಹವಾಲ್ದಾರರ ಮುಂದೆ ಕೂತು, "ಏಳು ಬೇಡ. ಎಂಟು. ಚಾರ್ ಜೋಡಿ. ಹೇಗೆ ನಿಲ್ಲಿಸೋದು, ಹೇಳಿ," ಎಂದರು.

"ಮತ್ತ ಆ ಹೇಸರಗತ್ತಿ ಯಂತ್ರ?"

"ಅದು ಸಾಮಾನು ಹೊರಲಿ."

ಗುಂಡಿಯನ್ನು ಮಣ್ಣು ತುಂಬಿ ಮುಚ್ಚಿದರು. ಹೆಲ್ಮೆಟ್ಟಿನ ಕೊಂಡಿ ಮುಂದಕ್ಕೆ ಬಂತು. ಎಂಟು ಜನರಿಗೂ ಇಯರ್‌ಫೋನ್ ಬಂತು. ಕೊನೆಯ ಜೋಡಿಯಲ್ಲಿ ಒಬ್ಬ ಹಿಂದೆ ನೋಡುತ್ತಾನೆ, ಇನ್ನೊಬ್ಬ ಅವನ ಪಟ್ಟಿ ಹಿಡಿದು ನಡೆಸುತ್ತಾನೆ. ಒಂದಷ್ಟು ದೂರಕ್ಕೊಮ್ಮೆ ಅವರು ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ನಿಯಮ ಇಷ್ಟೇ ಆಯಿತು: ಯಾರು ಬೇಕಾದರೂ ತಿರುಗಬಹುದು, ಒಬ್ಬ ತಿರುಗಿದರೆ ಅವನ ಜೋಡಿಯೂ ತಿರುಗಬೇಕು. ಕಥೆಯಲ್ಲಿ ಆ ಸೇನೆ ಮೊದಲಿಗಿಂತ ನಿಧಾನವಾಗಿ ನಡೆಯುತ್ತದೆ. ಸರಣಿ ನೋಡಿದ ಕೆಲವರು, ಇಷ್ಟು ಮುಂದುವರಿದ ಕಾಲದಲ್ಲಿ ಸೈನಿಕರು ಒಬ್ಬರನ್ನೊಬ್ಬರು ಯಾಕೆ ಹಿಡಿದುಕೊಂಡು ನಡೆಯುತ್ತಾರೆ ಎಂದು ಕೇಳಿದ್ದುಂಟು. ಎಂಟನೆಯ ಕವಚ ತೊಟ್ಟವನು ನಾನು.

ಇದನ್ನು ಈಗ ಬರೆಯಲು ಕಾರಣ ಕ್ಯಾಪ್ಟನ್. ಕಳೆದ ತಿಂಗಳು, ಹೊಸ ಬಿಲ್ಡಿಂಗಿನಲ್ಲಿ ಮತ್ತೆ ತೆರೆದ ಅವರ ಹೋಟೆಲಿಗೆ ಹೋಗಿದ್ದಾಗ ಅವರು ನನ್ನ ಟೇಬಲ್ಲಿಗೆ ಬಂದು, ಕಾಫಿ ಇಟ್ಟು, ನಿಂತೇ ಇದ್ದರು.

"ಒಬ್ಬೊಬ್ಬರು ಒಂದೊಂದು ಹೇಳ್ತಾರೆ ಮಾರಾಯ್ರೆ. ಗುಂಡಿಗೆ ಹಾರಿದ್ರು ಅಂತಾರೆ, ಯಾರೂ ಇಳೀಲೇ ಇಲ್ಲ ಅಂತಾರೆ. ಮೇಡಂಗೆ ಫೋನ್ ಮಾಡಿದ್ರೆ ಅವ್ರು ಅಳ್ತಾರೆ. ನನ್ನದೇ ಜೀವ, ನನಗೇ ಗೊತ್ತಿಲ್ಲ. ನೀವು ಸಮಾ ಬರೀರಿ. ಮಗಳು ಓದಿ ಹೇಳ್ತಾಳೆ."

"ನಿಮಗೆ ಏನು ನೆನಪಿದೆ?"

"ಮೂರನೇ ಕಂಬ ನೆನಪುಂಟು. ಮತ್ತೆ ಆಸ್ಪತ್ರೆಯ ಫ್ಯಾನು. ನಡುವೆ ಎಂತದೂ ಇಲ್ಲ." ಅಡುಗೆಮನೆಯಿಂದ ಯಾರೋ ಕರೆದರು. ಅವರು ಹೋದರು.

ಹಾಗಾಗಿ ಬರೆದಿದ್ದೇನೆ. ಅದನ್ನು ಹತ್ತಿರದಿಂದ ಕಂಡವರು ನಾನಲ್ಲದೆ ನಾಲ್ವರು. ಹವಾಲ್ದಾರರು ಈಗ ಇಲ್ಲ. ಹೋದ ವರ್ಷ ತಮ್ಮ ಊರಿನಲ್ಲಿ ತೀರಿಕೊಂಡರು. ಎದೆ ಒತ್ತಿದವರು ಅವರೇ ಎಂಬುದನ್ನು ನಾನು ಮತ್ತೊಮ್ಮೆ ಹೇಳುತ್ತೇನೆ. ನಿರ್ದೇಶಕಿ ಬೊರಿವಲಿಯಲ್ಲಿದ್ದಾರೆ. ಮಂಜಿನವನು ಕುರ್ಲಾದಲ್ಲೇ ಇದ್ದಾನೆ, ಅದೇ ಕೆಲಸ ಮಾಡುತ್ತಾನೆ. ಮಂಜಿನೊಳಗೆ ಕೈ ಇಳಿಬಿಟ್ಟು ಹುಡುಕಿದ ಐದನೆಯವನು ಪುಣೆಯಲ್ಲಿ ಒಂದು ಸೇತುವೆಯ ಕೆಲಸದ ಮೇಲಿದ್ದಾನೆ. ಭಾನುವಾರ ಫೋನಿಗೆ ಸಿಗುತ್ತಾನೆ. ನಾನು ತಪ್ಪು ಬರೆದಿದ್ದರೆ ಈ ಮೂವರನ್ನು ಕೇಳಬಹುದು. ಕ್ಯಾಪ್ಟನ್ನರನ್ನು ಕೇಳಬೇಡಿ. ಅವರು ಏನೂ ಕಂಡಿಲ್ಲ, ಬದುಕಿದ್ದಾರೆ, ಅಷ್ಟೆ.